ಹಳೇ ಮನೆಗೆ ಜಿಪ್ಸಮ್ ಸೀಲಿಂಗ್: ತೊಲೆಗಳ ಕೆಳಗೋ, ನಡುವೆಯೋ?

ತೀರ್ಥಹಳ್ಳಿ, ಸಾಗರದ ಕಡೆಯ ಹಳೇ ಮನೆಗಳಲ್ಲಿ ಒಂದು ತೊಲೆ ಇದ್ದಂತೆ ಇನ್ನೊಂದು ಇರುವುದಿಲ್ಲ. ಈ ತುದಿಯಲ್ಲಿ 24 ಇಂಚು ಅಂತರ, ಆ ತುದಿಯಲ್ಲಿ 22.

ತೊಲೆಗಳ ಕೆಳಗೆ ಜಿಐ ಚಾನಲ್ (ಸತು ಲೇಪಿಸಿದ ಉಕ್ಕಿನ ಪಟ್ಟಿ) ಕಟ್ಟಿ ಬೋರ್ಡ್ ಹೊಡೆದರೆ ಕೆಲಸ ಬೇಗ ಮುಗಿಯುತ್ತದೆ. ಎಲ್ಲ ಸಮತಟ್ಟು, ವೈರೂ ಒಳಗೇ ಅಡಗುತ್ತದೆ. ಆದರೆ ಕೋಣೆಯ ಎತ್ತರ ಕಡಿಮೆಯಾಗುತ್ತದೆ. ತೊಲೆಗೆ ಗೆದ್ದಲು ಹಿಡಿದರೂ ಕಾಣುವುದಿಲ್ಲ, ನನಗೆ ಅದೇ ಭಯ.

ನಡುವೆ ಕೂರಿಸಲು ತಾಳ್ಮೆ ಬೇಕು, ಕೂಲಿಯೂ ಜಾಸ್ತಿ. ತೊಲೆ-ತೊಲೆ ನಡುವಿನ ಪ್ರತಿ ಅಂಕಣವನ್ನೂ ಎರಡು ತುದಿಯಲ್ಲಿ, ಮಧ್ಯದಲ್ಲಿ ಅಳೆಯಬೇಕು. ತೊಲೆಯ ಅಂಚನ್ನು ನಂಬಬೇಡಿ. ದಾರ ಎಳೆದು, ಮಟ್ಟ ನೋಡಿ, ತೊಲೆಯ ಪಕ್ಕಕ್ಕೆ ರೀಪು ಹೊಡೆಸಿ. 12.5 ಮಿಮೀ ದಪ್ಪದ ಬೋರ್ಡನ್ನು ಎರಡೂ ಬದಿಗೆ ಸುಮಾರು 5 ಮಿಮೀ ಬಿಟ್ಟು ಕತ್ತರಿಸಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ ಅಲ್ವಾ? ಆ ಸಂದಿಗೆ ಸುಮ್ನೆ ಪುಟ್ಟಿ ತುಂಬಿದರೆ ಬಿರುಕು ಬಿಡುತ್ತದೆ. ಅಕ್ರಿಲಿಕ್ ಸೀಲಂಟ್ ಹಾಕಿಸಿ. ಇಲ್ಲವೇ ತೆಳು ಮರದ ಪಟ್ಟಿಯನ್ನು ತೊಲೆಗಷ್ಟೇ ಮೊಳೆ ಹೊಡೆದು ಮುಚ್ಚಿ.

ನನ್ನ ಮನಸ್ಸು ನಡುವೆ ಕೂರಿಸುವುದಕ್ಕೇ. ಅಜ್ಜನ ಕಾಲದ ತೊಲೆ ಕಣ್ಣಿಗೆ ಕಾಣುತ್ತಿರಬೇಕು.

ಯಾವುದೇ ಆದರೂ ತೇವ ತಡೆಯುವ ಬೋರ್ಡನ್ನೇ ತನ್ನಿ. ಅದಕ್ಕೂ ಮೊದಲು ಹಂಚು ಸೋರುವುದನ್ನು ನಿಲ್ಲಿಸಿ. ನೆನೆದ ಜಿಪ್ಸಮ್ ಜೋತುಬೀಳುತ್ತದೆ.