ಮೂರು ಮಳೆಗಾಲ, 180 ಕಾರ್ಡು: ಮ್ಯಾಜಿಕ್ ಕಾರ್ಡುಗಳಿಂದ ಕಟ್ಟಿಕೊಂಡ ಒಂದು ಗಂಟೆಯ ಡ್ರಾಫ್ಟ್ ಆಟ

ಉಡುಪಿಯಲ್ಲಿ ಜುಲೈ ತಿಂಗಳ ಒಂದು ಬೆಳಿಗ್ಗೆ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದರೆಂದರೆ, ಅರ್ಧ ಗಂಟೆಯೊಳಗೆ ನಮ್ಮ ಮನೆಯ ಜಗಲಿಯಲ್ಲಿ ಎರಡು ಒದ್ದೆ ಕೊಡೆಗಳು ಅರಳಿ ನಿಂತಿರುತ್ತವೆ. ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗುವವರು. ಮಕ್ಕಳಿಬ್ಬರು ಆ ದಿನ ನನ್ನ ಪಾಲಿಗೆ. ಹುಡುಗನಿಗೆ ಈಗ ಹದಿಮೂರು, ಹುಡುಗಿಗೆ ಹತ್ತು. ಇಡೀ ದಿನ ಮೊಬೈಲ್ ಕೊಟ್ಟು ಕೂರಿಸಲು ನನಗೆ ಮನಸ್ಸಿರಲಿಲ್ಲ. ಮೂರು ವರ್ಷದ ಹಿಂದೆ, ಓದು ಮುಗಿಸಿ ಊರಿಗೆ ಹೊರಟಿದ್ದ ಮಣಿಪಾಲದ ವಿದ್ಯಾರ್ಥಿಯೊಬ್ಬರು ತಮ್ಮ ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡುಗಳ ಸಂಗ್ರಹವನ್ನು ಮಾರುತ್ತಿದ್ದರು. ಸುಮಾರು 600 ಕಾರ್ಡು, 2,500 ರೂಪಾಯಿ. ಅದನ್ನು ತಂದು, ಅದರಿಂದ ಒಂದು ಚಿಕ್ಕ ಆಟ ಕಟ್ಟಿಕೊಂಡು, ಮೂರು ಮಳೆಗಾಲ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ಇದನ್ನು ರೂಪಿಸಿದವರು. 1993ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿ ಹೊರತಂದಿತು. ಇಸ್ಪೀಟಿನಂತೆ ಎಲ್ಲರಿಗೂ ಒಂದೇ ಕಟ್ಟು ಇಲ್ಲಿಲ್ಲ. ಆಡುವವರೆಲ್ಲ ತಮ್ಮ ತಮ್ಮ ಡೆಕ್ ತರುತ್ತಾರೆ. ಭೂಮಿಯ ಕಾರ್ಡುಗಳು ಮಾನಾ ಎಂಬ ಶಕ್ತಿ ಕೊಡುತ್ತವೆ, ಆ ಶಕ್ತಿಯಿಂದ ಜೀವಿಗಳನ್ನು ಮತ್ತು ಮಂತ್ರಗಳನ್ನು ಇಳಿಸಬೇಕು, ಎದುರಾಳಿಯ 20 ಜೀವವನ್ನು ಸೊನ್ನೆಗೆ ತರಬೇಕು. ಬಣ್ಣಗಳು ಐದು: ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಡ್ರಾಫ್ಟ್ ಎಂದರೆ ಡೆಕ್ಕನ್ನು ಮನೆಯಿಂದ ತರದೆ ಅಲ್ಲೇ ಕೂತು ಕಟ್ಟುವುದು. ಮುಂದಿರುವ ಕಟ್ಟಿನಿಂದ ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತೀರಿ, ಇನ್ನೊಂದು ಬದಿಯಿಂದ ನಿಮಗೊಂದು ಕಟ್ಟು ಬರುತ್ತದೆ. ಹಳೆಯ ಕ್ರಮದಲ್ಲಿ ತಲಾ 15 ಕಾರ್ಡಿನ ಮೂರು ಪ್ಯಾಕ್, 45 ಆಯ್ಕೆ, ಕೊನೆಗೆ ಭೂಮಿ ಸೇರಿಸಿ 40 ಕಾರ್ಡಿನ ಡೆಕ್. ಸಾಮಾನ್ಯವಾಗಿ ಎಂಟು ಮಂದಿ ಕೂರುತ್ತಾರೆ, ಒಂದು ಮಧ್ಯಾಹ್ನವೇ ಬೇಕು.

ನಮ್ಮಲ್ಲಿ ಎಂಟು ಮಂದಿಯೂ ಇಲ್ಲ, ಮಧ್ಯಾಹ್ನವೂ ಇಲ್ಲ. ಮಳೆ ರಜೆಯ ದಿನ ಮೂವರು, ಆದಿತ್ಯವಾರ ನನ್ನ ಗಂಡ ಸೇರಿದರೆ ನಾಲ್ವರು. ಪ್ರತಿ ಸಲ ಹೊಸ ಪ್ಯಾಕ್ ಒಡೆಯುವಷ್ಟು ಹಣ ಖರ್ಚು ಮಾಡುವ ಉದ್ದೇಶವೂ ನನಗಿರಲಿಲ್ಲ. ಒಂದೇ ಕಾರ್ಡುಗಳ ಗುಂಪನ್ನು ಕಲೆಸಿ ಮತ್ತೆ ಮತ್ತೆ ಡ್ರಾಫ್ಟ್ ಮಾಡುವುದಕ್ಕೆ ಆಟಗಾರರು ಕ್ಯೂಬ್ ಎನ್ನುತ್ತಾರೆ. ನಮಗೆ ಬೇಕಾದದ್ದು ಅದರದೇ ಒಂದು ಮರಿ.

ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. 600 ಕಾರ್ಡನ್ನೂ ಕಲೆಸಿ ಹಂಚಿದೆ. ಆ ವಿದ್ಯಾರ್ಥಿಗೆ ಹಸಿರು ಮತ್ತು ಕಪ್ಪು ಇಷ್ಟವಿದ್ದಿರಬೇಕು, ಹೆಚ್ಚುಕಡಿಮೆ ಅರ್ಧದಷ್ಟು ಆ ಎರಡೇ ಬಣ್ಣ. ನೀಲಿ ತೀರಾ ಕಡಿಮೆ. ನೀಲಿ ಹಿಡಿದ ಹುಡುಗಿಗೆ ಡೆಕ್ಕೇ ತುಂಬಲಿಲ್ಲ. ಇನ್ನೊಂದು ತೊಡಕೂ ಇತ್ತು: 'ನಿಮ್ಮ ಬಳಿ ಇರುವ ಪ್ರತಿಯೊಂದು ಎಲ್ಫ್ ಜಾತಿಯ ಜೀವಿಗೂ ಇಷ್ಟು ಬಲ' ಎನ್ನುವಂಥ, ಜೊತೆಗಾರರನ್ನು ಬೇಡುವ ಕಾರ್ಡುಗಳು. 600ರ ಸಮುದ್ರದಲ್ಲಿ ಆ ಜೊತೆಗಾರರು ಕೈಗೆ ಸಿಗುವುದೇ ಇಲ್ಲ. ಒಂಟಿಯಾಗಿಯೂ ಕೆಲಸಕ್ಕೆ ಬರುವ ಕಾರ್ಡು ಯಾವುದು, ನೆಂಟರಿಲ್ಲದೆ ನಡೆಯಲಾರದ್ದು ಯಾವುದು ಎಂದು ವಿಂಗಡಿಸಿದ್ದೇ ನಾನು ಮಾಡಿದ ಮೊದಲ ನಿಜವಾದ ಕೆಲಸ. ನಾಲ್ಕು ರಾತ್ರಿ ಹಿಡಿಯಿತು.

ಉಳಿದದ್ದು 180. ಬಣ್ಣಕ್ಕೆ 30ರಂತೆ 150, ಯಾವ ಡೆಕ್ಕಿಗೂ ಹೊಂದುವ ಬಣ್ಣವಿಲ್ಲದ ಕಾರ್ಡು 30. ಕೊರತೆ ಬಿದ್ದ ನೀಲಿಯನ್ನು ಬಿಡಿ ಕಾರ್ಡುಗಳಾಗಿ ತರಿಸಿಕೊಂಡೆ. ಎಲ್ಲವೂ ಕಾಮನ್ ದರ್ಜೆಯವೇ ಆದ್ದರಿಂದ ದೊಡ್ಡ ಖರ್ಚಾಗಲಿಲ್ಲ. ಕಾರ್ಡಿನ ಮೇಲೆ ಅದರ ಸೆಟ್ಟಿನ, ಅಂದರೆ ಒಟ್ಟಿಗೆ ಹೊರಬಂದ ಕಾರ್ಡುಗಳ ಸರಣಿಯ, ಗುರುತು ಕಪ್ಪು ಬಣ್ಣದಲ್ಲಿದ್ದರೆ ಕಾಮನ್, ಬೆಳ್ಳಿಯಾದರೆ ಅನ್‌ಕಾಮನ್, ಚಿನ್ನವಾದರೆ ರೇರ್. ಸಂಗ್ರಹಕಾರರ ಕಣ್ಣು ಚಿನ್ನದ ಮೇಲಿರುತ್ತದೆ. ಡ್ರಾಫ್ಟ್ ಕಟ್ಟುವವರ ಕಣ್ಣು ಕಪ್ಪಿನ ಮೇಲಿರಬೇಕು. ಮೂರು ವರ್ಷದಲ್ಲಿ ನನಗೆ ದೃಢವಾದ ಮಾತು ಇದು. ಒಂದೇ ಒಂದು ಬಲಿಷ್ಠ ಕಾರ್ಡು ಸುತ್ತಿನಲ್ಲಿದ್ದರೆ ಅದನ್ನು ಎತ್ತಿಕೊಳ್ಳುವುದರಲ್ಲಿ ಆಯ್ಕೆ ಎಂಬುದೇ ಇಲ್ಲ, ಸಿಕ್ಕವರ ಅದೃಷ್ಟ ಅಷ್ಟೆ. ಹೆಚ್ಚುಕಡಿಮೆ ಸಮಬಲದ ಹತ್ತು ಕಾರ್ಡು ಮುಂದಿದ್ದಾಗಲೇ ಹತ್ತು ವರ್ಷದ ಹುಡುಗಿ ತುಟಿ ಕಚ್ಚಿಕೊಂಡು ಯೋಚಿಸುವುದು.

ಸೆರಾ ಏಂಜೆಲ್ ಇದನ್ನು ನನಗೆ ಕಲಿಸಿತು. ಐದು ಮಾನಾಕ್ಕೆ 4 ಬಲ, 4 ತಾಳಿಕೆ, ಹಾರುತ್ತದೆ, ದಾಳಿ ಮಾಡಿದರೂ ಕಾವಲಿಗೆ ಸಿದ್ಧವಾಗಿರುತ್ತದೆ. ಸುಂದರವಾದ ಕಾರ್ಡು. ಆದರೆ ನಮ್ಮ ಸಣ್ಣ ಜೀವಿಗಳ ನಡುವೆ ಅದು ಇಳಿದರೆ ಎದುರಿನವರು ಸುಮ್ಮನೆ ಕೈಕಟ್ಟಿ ಕೂರಬೇಕಾಗುತ್ತಿತ್ತು. ಎರಡು ತಿಂಗಳ ನಂತರ ತೆಗೆದುಬಿಟ್ಟೆ. ಜೈಂಟ್ ಸ್ಪೈಡರ್ ಮಾತ್ರ ಮೊದಲ ದಿನದಿಂದಲೂ ಇದೆ. 2 ಬಲ, 4 ತಾಳಿಕೆ, ಹಾರುವವರನ್ನೂ ತಡೆಯುತ್ತದೆ. ಬೆಲೆ ಕೇಳಿದರೆ ಏನೂ ಇಲ್ಲ, ಅದಿಲ್ಲದಿದ್ದರೆ ಹಸಿರು ಹಿಡಿದವರಿಗೆ ಆಕಾಶ ನೋಡುವುದೊಂದೇ ಕೆಲಸ.

ಈಗ ಆಟದ ಅಳತೆ. ತಲಾ ಮೂರು ಕಟ್ಟು, ಕಟ್ಟಿಗೆ 10 ಕಾರ್ಡು. ಒಂದೊಂದಲ್ಲ, ಎರಡೆರಡು ಕಾರ್ಡು ಎತ್ತಿಕೊಂಡು ದಾಟಿಸಬೇಕು. ಐದು ಸಲ ಕೈ ಬದಲಾದರೆ ಕಟ್ಟು ಖಾಲಿ. ಮೊದಲ ಕಟ್ಟು ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಕೈಯಲ್ಲಿ 30 ಕಾರ್ಡು. ಅದರಲ್ಲಿ 18 ಆರಿಸಿ, 12 ಭೂಮಿ ಸೇರಿಸಿದರೆ 30ರ ಡೆಕ್. ನಾಲ್ವರಿಗೆ 120 ಕಾರ್ಡು ಸಾಕು, ಉಳಿದ 60 ಆ ದಿನ ಡಬ್ಬಿಯಲ್ಲೇ ಇರುತ್ತವೆ. ಯಾವುದು ಇದೆ, ಯಾವುದು ಇಲ್ಲ ಎಂದು ಯಾರಿಗೂ ತಿಳಿಯದ ಕಾರಣ ಪ್ರತಿ ಸಲವೂ ಆಟ ಬೇರೆಯಾಗುತ್ತದೆ. ಎರಡೆರಡು ಎತ್ತುವುದನ್ನು ನಾನು ಸಮಯ ಉಳಿಸಲು ಮಾಡಿದ್ದೆ. ಅದರಿಂದ ಇನ್ನೊಂದು ಲಾಭವಾಯಿತು: ಒಂದು ಕಾರ್ಡು ಬಲಕ್ಕಾಗಿ, ಇನ್ನೊಂದು ಅದಕ್ಕೆ ಜೊತೆಯಾಗಿ ಎಂದು ಮಕ್ಕಳು ತಾವಾಗಿಯೇ ಯೋಚಿಸತೊಡಗಿದರು. 2025ರಲ್ಲಿ ಕಂಪನಿಯೇ ನಾಲ್ವರ ಡ್ರಾಫ್ಟಿಗೆ ಎರಡೆರಡು ಎತ್ತುವ ಕ್ರಮವನ್ನು ತಂದಾಗ ನನಗಾದ ಸಂತೋಷ ಹೇಳತೀರದು. ಈಗ ಆರಿಸಲು ಕಾಲು ಗಂಟೆ, ಡೆಕ್ ಕಟ್ಟಲು ಹತ್ತು ನಿಮಿಷ, ಎರಡು ಆಟಕ್ಕೆ ಅರ್ಧ ಗಂಟೆ.

ಆಟ ಬೇಗ ಮುಗಿಯಲೆಂದು ಜೀವವನ್ನು 20ರಿಂದ 15ಕ್ಕೆ ಇಳಿಸಿದೆ. ಸರಿಯಾದ ನಿರ್ಧಾರವೇ, ಆದರೆ ಅದರ ಬಾಲ ಎಲ್ಲಿಯವರೆಗೆ ಚಾಚಿದೆ ಎಂದು ನಾನು ಎಣಿಸಿರಲಿಲ್ಲ. ಲೈಟ್ನಿಂಗ್ ಬೋಲ್ಟ್ ಒಂದು ಕೆಂಪು ಮಾನಾಕ್ಕೆ 3 ಏಟು ಕೊಡುತ್ತದೆ. 20ರಲ್ಲಿ 3 ಎಂದರೆ ಶೇ. 15, 15ರಲ್ಲಿ 3 ಎಂದರೆ ಶೇ. 20. ಕಾರ್ಡು ಅದೇ, ಬಲ ಮಾತ್ರ ಸದ್ದಿಲ್ಲದೆ ಏರಿತು. ಹುಡುಗ ಒಂದು ತಿಂಗಳು ಕೆಂಪನ್ನೇ ಹಿಡಿದು ಗೆದ್ದ. ಅವನನ್ನು ಗದರುವುದರಲ್ಲಿ ಅರ್ಥವಿರಲಿಲ್ಲ, ತಪ್ಪು ನನ್ನ ಲೆಕ್ಕದ್ದು. ನೇರ ಏಟಿನ ಕಾರ್ಡುಗಳನ್ನು ಎಂಟರಿಂದ ಐದಕ್ಕೆ ಇಳಿಸಿದ ಮೇಲೆ ಸಮತೋಲ ಮರಳಿತು. ಒಂದು ಅಂಕಿ ಬದಲಿಸಿದರೆ ಐದು ಬಣ್ಣವನ್ನೂ ಮತ್ತೆ ತೂಗಿ ನೋಡಿ ಎಂದು ಇಂಥ ಆಟ ಕಟ್ಟುವವರಿಗೆ ಒತ್ತಿ ಹೇಳುತ್ತೇನೆ.

ಭಾಷೆಯ ವಿಷಯ. ಕನ್ನಡದಲ್ಲಿ ಈ ಕಾರ್ಡುಗಳಿಲ್ಲ, ಹುಡುಗಿ ಓದುವುದು ಕನ್ನಡ ಮಾಧ್ಯಮದಲ್ಲಿ. ಹಾಗಾಗಿ 180ನ್ನು ಆರಿಸುವಾಗ ಬರಹ ಮೂರು ಸಾಲು ಮೀರಿದ ಕಾರ್ಡುಗಳನ್ನೆಲ್ಲ ಬದಿಗಿಟ್ಟೆ. ಮತ್ತೆ ಮತ್ತೆ ಬರುವ ಪದಗಳಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದೆ: ಫ್ಲೈಯಿಂಗ್ ಎಂದರೆ ಹಾರುವುದು, ರೀಚ್, ಹಾರುವವರನ್ನು ತಡೆಯಬಲ್ಲದು, ಫಸ್ಟ್ ಸ್ಟ್ರೈಕ್, ಮೊದಲ ಏಟು ಇದರದು, ಟ್ರ್ಯಾಂಪಲ್, ತಡೆದವನನ್ನು ಮೀರಿ ಉಳಿದ ಏಟು ಎದುರಾಳಿಗೆ. ಎರಡನೆಯ ಮಳೆಗಾಲದ ಹೊತ್ತಿಗೆ ಹಾಳೆ ಬೇಕಾಗಲಿಲ್ಲ. ಪ್ಯಾಸಿಫಿಸಂ ಕಾರ್ಡಿಗೆ ಅವಳು ಇಟ್ಟ ಹೆಸರು 'ಸುಮ್ಮನಿರು'. ಅದನ್ನು ಅಂಟಿಸಿದ ಜೀವಿ ದಾಳಿ ಮಾಡುವಂತಿಲ್ಲ, ತಡೆಯುವಂತಿಲ್ಲ. ಅದಕ್ಕಿಂತ ಒಳ್ಳೆಯ ಅನುವಾದ ನನಗೆ ಹೊಳೆಯುವುದಿಲ್ಲ.

ಕರಾವಳಿಯವರು ಗಮನಿಸಬೇಕಾದದ್ದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮರದ ಕಪಾಟಿನಲ್ಲಿಟ್ಟ ಬಟ್ಟೆಗೇ ಬೂಸಲು ಹಿಡಿಯುತ್ತದೆ, ಕಾಗದದ ಪಾಡು ಕೇಳಬೇಕೆ? ಮೊದಲ ವರ್ಷ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹತ್ತಾರು ಕಾರ್ಡು ಕಳೆದುಕೊಂಡೆ. ಹೊಳೆಯುವ ಫಾಯಿಲ್ ಕಾರ್ಡುಗಳದ್ದು ಇನ್ನೂ ಕಷ್ಟ. ಕಾಗದ ನೀರು ಹೀರಿ ಹಿಗ್ಗುತ್ತದೆ, ಮೇಲಿನ ಲೋಹದ ಪದರ ಹಿಗ್ಗುವುದಿಲ್ಲ, ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಕಾರ್ಡು ಕಟ್ಟಿನಲ್ಲಿ ಎಲ್ಲಿದೆ ಎಂದು ದೂರದಿಂದಲೇ ಕಾಣುವುದರಿಂದ ಡ್ರಾಫ್ಟಿಗೆ ಅದು ಸಲ್ಲದು, ಫಾಯಿಲ್‌ಗಳನ್ನೆಲ್ಲ ತೆಗೆದೆ. ಈಗ ಕಾರ್ಡುಗಳಿರುವುದು ಅಡುಗೆಮನೆಯ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳು. ಪ್ರತಿ ಕಾರ್ಡಿಗೂ ಪ್ಲಾಸ್ಟಿಕ್ ಸ್ಲೀವ್ ಕಡ್ಡಾಯ. ಕಾರ್ಡಿನ ಅಳತೆ 63 × 88 ಮಿಲಿಮೀಟರ್, ಅದಕ್ಕೆ ತಕ್ಕದ್ದನ್ನೇ ಕೇಳಿ ಪಡೆಯಿರಿ. ಭೂಮಿಯ ಕಾರ್ಡುಗಳೂ ಸೇರಿ ನನಗೆ ನೂರರ ಮೂರು ಕಟ್ಟು ಬೇಕಾಯಿತು. ಮೊದಲು ತಂದ ಅಗ್ಗದ ಸ್ಲೀವ್‌ಗಳು ಆರು ತಿಂಗಳಲ್ಲಿ ಬದಿ ಬಿಟ್ಟುಕೊಂಡವು. ಹಲಸಿನ ಹಪ್ಪಳದ ತಟ್ಟೆ ಆಟದ ಚಾಪೆಗೆ ಬರಬಾರದು ಎಂಬ ನಿಯಮವನ್ನು ಅತ್ತೆಯವರೇ ಮಾಡಿದ್ದು. ಆಟಿ ತಿಂಗಳಲ್ಲಿ ಅವರು ಚೆನ್ನೆಮಣೆ ಹೊರತೆಗೆದಾಗ ನಾವೂ ಎಣ್ಣೆಕೈ ತೊಳೆದೇ ಕೂರುತ್ತೇವೆ.

ಇಬ್ಬರೇ ಇದ್ದ ದಿನಕ್ಕೆ ಗಾರ್ಫೀಲ್ಡ್ ಅವರೇ ರೂಪಿಸಿದ ವಿನ್‌ಸ್ಟನ್ ಡ್ರಾಫ್ಟ್ ಇದೆ. ಮೂಲ ಕ್ರಮದಲ್ಲಿ 90 ಕಾರ್ಡು, ನಾವು 60 ಇಡುತ್ತೇವೆ. ಕಟ್ಟಿನಿಂದ ಮೂರು ಕಾರ್ಡು ಕವುಚಿ ಮೂರು ರಾಶಿ. ಮೊದಲ ರಾಶಿ ನೋಡಿ ಬೇಕಿದ್ದರೆ ಎತ್ತಿಕೊಳ್ಳಿ, ಆ ಜಾಗಕ್ಕೆ ಹೊಸ ಕಾರ್ಡು. ಬೇಡವಾದರೆ ಅದರ ಮೇಲೊಂದು ಕಾರ್ಡು ಹಾಕಿ ಮುಂದಿನ ರಾಶಿಗೆ ಹೋಗಿ. ಮೂರೂ ಬೇಡವೆಂದರೆ ಕಟ್ಟಿನ ಮೇಲಿನ ಕಾರ್ಡು ನಿಮ್ಮದು. ಬೇಡವೆಂದು ಬಿಟ್ಟ ರಾಶಿ ಎದುರಿನವರಿಗೆ ದಪ್ಪವಾಗುತ್ತಾ ಹೋಗುವುದನ್ನು ನೋಡುವ ಸಂಕಟ ಬಹಳ ಚೆನ್ನಾಗಿರುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಭೂಮಿಯ ಕಾರಣಕ್ಕೆ. ಕೆಲವು ಸಲ ಆಟದ ಆರಂಭಕ್ಕೆ ಸಿಗುವ ಏಳು ಕಾರ್ಡಿನ ಕೈಯಲ್ಲಿ ಒಂದೇ ಭೂಮಿ ಬರುತ್ತದೆ, ಪಾಪ ಆ ಮಗು ಆಟವಾಡದೆಯೇ ಸೋಲುತ್ತದೆ. ಮೊದಲ ಸಲ ಆ ಏಳನ್ನು ಹಿಂದಿರುಗಿಸಿ ಹೊಸ ಏಳು ಪಡೆಯಲು ಯಾವ ದಂಡವೂ ಇಲ್ಲ ಎಂದು ಮಾಡಿದ ಮೇಲೆ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಈ ವರ್ಷ ಒಂದು ಹೊಸ ನಿಯಮ ಸೇರಿಸಿದ್ದೇವೆ. ದಿನದ ಕೊನೆಗೆ ಹೆಚ್ಚು ಸೋತವರು 180ರಿಂದ ಒಂದು ಕಾರ್ಡು ತೆಗೆದು, ಹೊರಗುಳಿದ ಪೆಟ್ಟಿಗೆಯಿಂದ ಅದೇ ಬಣ್ಣದ ಒಂದನ್ನು ಒಳಗೆ ಹಾಕಬಹುದು. ತನ್ನನ್ನು ಹೊಡೆದ ಕಾರ್ಡನ್ನೇ ಪ್ರತಿಯೊಬ್ಬರೂ ಕಿತ್ತುಹಾಕುತ್ತಾರೆ, ಒಳ್ಳೆಯವೆಲ್ಲ ಖಾಲಿಯಾಗುತ್ತವೆ ಎಂದು ನನಗೆ ಭಯವಿತ್ತು. ಕಳೆದ ಆದಿತ್ಯವಾರ ಹುಡುಗಿ ಎರಡೂ ಆಟ ಸೋತಳು, ಎರಡರಲ್ಲೂ ಅವಳನ್ನು ಮುಗಿಸಿದ್ದು ಅಣ್ಣನ ಲೈಟ್ನಿಂಗ್ ಬೋಲ್ಟ್. ಅವಳು ಅದನ್ನು ಮುಟ್ಟಲಿಲ್ಲ. ಕಾರ್ಡುಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು, ಬಹಳ ಹೊತ್ತು ಹುಡುಕಿ, ನನಗೆ ನೆನಪೇ ಇಲ್ಲದ ಒಂದು ಕಪ್ಪು ಕಾರ್ಡನ್ನು ಎತ್ತಿ ಕೊಟ್ಟಳು.

"ಇದು ನಾಲ್ಕು ಸಲ ಕೊನೆಗೇ ಉಳಿಯಿತು ಚಿಕ್ಕಮ್ಮ. ಯಾರೂ ಇದನ್ನು ಆರಿಸುವುದಿಲ್ಲ."