ಪೇಟೆಂಟ್ ನೋಡಿ ಕೊಂಡ್ಕೊಳೋಕೆ ಕಂಪ್ನಿ ಹುಡುಕಿಕೊಡೋ ಸರ್ವೀಸ್: 45 ಸಾವಿರ ಕೊಟ್ಟ ಮೇಲೆ ನನ್ನ ಅನುಭವ, 5ಕ್ಕೆ 2 ಸ್ಟಾರ್

ನಮ್ದು ಮೈಸೂರು ಹೂಟಗಳ್ಳಿ ಕಡೆ ಒಂದು ಚಿಕ್ಕ ಫ್ಯಾಬ್ರಿಕೇಶನ್ ಯೂನಿಟ್, ಹನ್ನೊಂದು ಜನ ಇದೀವಿ, ಸ್ಟೀಲ್ ಟ್ಯಾಂಕು, ಹಬೆ ಕೊಪ್ಪರಿಗೆ, ಹೋಟೆಲ್‌ಗಳಿಗೆ ಸ್ಟೀಮ್ ಲೈನು ಇಂಥದ್ದೆಲ್ಲ ಮಾಡ್ಕೊಡ್ತೀವಿ. ಮೂರು ವರ್ಷದಿಂದ ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಆಲೆಮನೆಯವರು ಬಂದು, ರಚ್ಚು (ಕಬ್ಬಿನ ಸಿಪ್ಪೆ) ಉರಿಸಿ ಒಲೆ ಮುಂದೆ ಬೇಯೋಕೆ ಆಳು ಸಿಗ್ತಿಲ್ಲ, ಹಬೇಲಿ ಬೆಲ್ಲ ಕಾಯಿಸೋ ಹಂಗೆ ಒಂದು ಸೆಟ್ ಮಾಡ್ಕೊಡಿ ಅಂತ ಕೇಳ್ತಾನೇ ಇದ್ರು. ಎರಡು ಸಲ ನಾವೇ ಟ್ರೈ ಮಾಡಿದ್ವಿ, ಪಾಕ ತಳ ಹಿಡೀತು, ಬಣ್ಣ ಕಪ್ಪಾಯ್ತು. ಆವಾಗ ನನ್ನ ಭಾವಮೈದ, ಇದನ್ನ ಆಗ್ಲೇ ಸರಿ ಮಾಡ್ಕೊಂಡಿರೋ ಯಾವ್ದಾದ್ರೂ ಚಿಕ್ಕ ಕಂಪ್ನಿ ಇದ್ರೆ ಅದನ್ನೇ ಕೊಂಡ್ಕೊಳೋಣ, ಹೊಸದಾಗಿ ಕಲಿಯೋಕೆ ಐದು ವರ್ಷ ಯಾಕೆ ಹಾಳು ಮಾಡೋದು ಅಂದ. ಮನೆ ಮೇಲೆ ಸಾಲ ತೆಗೆದು ಮಾಡೋ ಕೆಲಸ ಇದು, ಅದಕ್ಕೇ ಇಷ್ಟು ವಿವರವಾಗಿ ಬರೀತಿದ್ದೀನಿ, ನಮ್ಮಂಥ ಚಿಕ್ಕ ಯೂನಿಟ್‌ನವರು ಇನ್ನೊಬ್ರು ಇದೇ ದಾರೀಲಿ ಹೋದ್ರೆ ಉಪಯೋಗ ಆಗ್ಲಿ ಅಂತ.

ಪೇಟೆಂಟ್ ಡೇಟಾ ಜಾಲಾಡಿ ಒಳ್ಳೆ ಕಂಪ್ನಿಗಳನ್ನ ಹುಡುಕಿಕೊಡ್ತೀವಿ ಅನ್ನೋ ಒಂದು ಸಂಸ್ಥೆಗೆ 45 ಸಾವಿರ ಕೊಟ್ವಿ, ಹೆಸರು ಬೇಡ. ಮೂರು ವಾರಕ್ಕೆ ವರದಿ ಬಂತು. ನೋಡಕ್ಕೆ ತುಂಬಾ ಚೆನ್ನಾಗಿತ್ತು, ಬಣ್ಣಬಣ್ಣದ ಗ್ರಾಫು, 38 ಹೆಸರಿರೋ ಎಕ್ಸೆಲ್ ಶೀಟು, ಯಾರ ಹತ್ರ ಜಾಸ್ತಿ ಪೇಟೆಂಟ್ ಇದ್ಯೋ ಅವ್ರು ಮೇಲೆ, ಕಮ್ಮಿ ಇರೋರು ಕೆಳಗೆ. ಮೊದಲನೇ ಕಂಪ್ನಿ ಎದುರು 11 ಅಂತ ಇತ್ತು. ನಾವು ಖುಷಿಯಾಗಿ ಅವರಿಗೆ ಫೋನ್ ಮಾಡೋಕೆ ಹೊರಟಿದ್ವಿ. ಅದೃಷ್ಟಕ್ಕೆ ಹೆಂಡತಿ ತಡೆದ್ಲು. ಜಮೀನು ತಗೋಬೇಕಾದ್ರೆ ಪಹಣಿ ನೋಡದೆ ಅಡ್ವಾನ್ಸ್ ಕೊಡ್ತೀರಾ, ಇದಕ್ಕೂ ಪಹಣಿ ಅಂತ ಒಂದು ಇರ್ಬೇಕಲ್ವಾ ಅಂತ ಕೇಳಿದ್ಲು.

ಇದೆ ಕಣ್ರೀ. ಪೇಟೆಂಟ್ ಆಫೀಸಿನ ಸೈಟಲ್ಲಿ ಇನ್‌ಪಾಸ್ ಅಂತ ಹುಡುಕಾಟದ ಪುಟ ಇದೆ, ದುಡ್ಡು ಕೇಳಲ್ಲ, ಅರ್ಜಿ ನಂಬರ್ ಹಾಕಿದ್ರೆ ಸ್ಟೇಟಸ್ ಬರುತ್ತೆ, ಪರೀಕ್ಷಕರು ಕಳಿಸಿದ ಆಕ್ಷೇಪಣೆ ಪತ್ರ, ಅರ್ಜಿದಾರರು ಕೊಟ್ಟ ಉತ್ತರ ಎಲ್ಲ ಪಿಡಿಎಫ್ ಆಗಿ ಸಿಗುತ್ತೆ, ಗ್ರ್ಯಾಂಟ್ ಆಗಿದ್ರೆ, ಅಂದ್ರೆ ಪೇಟೆಂಟ್ ಮಂಜೂರಾಗಿದ್ರೆ, ಇ-ರಿಜಿಸ್ಟರ್‌ನಲ್ಲಿ ಮಾಲೀಕರ ಹೆಸರು, ಫೀ ಎಲ್ಲಿವರೆಗೆ ಕಟ್ಟಿದ್ದಾರೆ ಅನ್ನೋದೂ ಸಿಗುತ್ತೆ. ಒಂದು ಭಾನುವಾರ ಕೂತು ಆ 11 ನಂಬರನ್ನೂ ಒಂದೊಂದಾಗಿ ಹಾಕಿದೆ. ಗ್ರ್ಯಾಂಟ್ ಆಗಿದ್ದು ಎರಡೇ ಎರಡು. ಆರು ಅರ್ಜಿಗೆ ಪರೀಕ್ಷಾ ವರದಿ ಬಂದ ಮೇಲೆ ಉತ್ತರಾನೇ ಕೊಟ್ಟಿಲ್ಲ, ಪೇಟೆಂಟ್ ಕಾಯ್ದೆ ಸೆಕ್ಷನ್ 21ರ ಪ್ರಕಾರ ಕೈಬಿಟ್ಟಂಗೆ ಅಂತ ಬರೆದಿತ್ತು. ಮಿಕ್ಕ ಮೂರು ಬರೀ ಪಬ್ಲಿಶ್ ಆಗಿ ಕೂತಿದ್ವು. ಇಲ್ಲೇ ತುಂಬಾ ಜನ ಮೋಸ ಹೋಗೋದು. ಅರ್ಜಿ ಹಾಕಿ 18 ತಿಂಗಳಾದ್ರೆ ಅದು ತಾನಾಗೇ ಶುಕ್ರವಾರದ ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟ ಆಗುತ್ತೆ, ಪ್ರಕಟ ಆಯ್ತು ಅಂದ್ರೆ ಹಕ್ಕು ಸಿಕ್ತು ಅಂತಲ್ಲ, ಅರ್ಜಿ ಕೊಟ್ಟಿದ್ದಾರೆ ಅಂತ ಮಾತ್ರ. ಗ್ರ್ಯಾಂಟ್ ಆದ ಆ ಎರಡರಲ್ಲೂ ಒಂದಕ್ಕೆ ವರ್ಷವರ್ಷದ ರಿನ್ಯೂವಲ್ ಫೀ ಕಟ್ಟದೆ ಸತ್ತೋಗಿತ್ತು. ಹನ್ನೊಂದು ಅಂದಿದ್ದು ಒಂದಕ್ಕೆ ಬಂದು ನಿಂತ್ಕೊಳ್ತು.

ಇದನ್ನ ಫೋನ್ ಮಾಡಿ ಕೇಳಿದ್ರೆ, ಸ್ಟೇಟಸ್ ನೋಡೋದು ಬೇರೆ ಪ್ಯಾಕೇಜ್ ಸಾರ್ ಅಂದ್ರು. ನಿಜವಾಗ್ಲೂ ಬೇಜಾರಾಯ್ತು, ಕೊಂಡ್ಕೊಳಕ್ಕೆ ಅಂತಾನೇ ನಾವು ಕೇಳಿದ್ದು ಅವರಿಗೆ ಗೊತ್ತಿತ್ತು.

ಆಮೇಲೆ ಒಂದು ತಿಂಗಳು ರಾತ್ರಿ ಊಟ ಆದ್ಮೇಲೆ ನಾನೇ ಕೂತೆ. ಮೊದ್ಲು ಗೊತ್ತಾಗಿದ್ದು ಏನು ಅಂದ್ರೆ ಅವ್ರು ಬೆಲ್ಲಕ್ಕೆ ಇಂಗ್ಲಿಷಿನ ಜಾಗರಿ ಅನ್ನೋ ಒಂದೇ ಪದ ಹಾಕಿ ಹುಡುಕಿದ್ದಾರೆ. ಪೇಟೆಂಟ್ ಬರೆಯೋರು ಬೆಲ್ಲನ ಬೆಲ್ಲ ಅನ್ನಲ್ಲ, ಕೆಲವ್ರು ಹಿಂದಿಯ ಗುಡ ಅಂತಾರೆ, ಕೆಲವ್ರು ನಾನ್ ಸೆಂಟ್ರಿಫ್ಯೂಗಲ್ ಶುಗರ್ ಅಂತಾರೆ, ಕೊಲಂಬಿಯಾ ಕಡೆಯವ್ರು ಪನೆಲಾ ಅಂತಾರೆ. ಅದಕ್ಕೆ ಪದದ ಜೊತೆ ವರ್ಗದ ಕೋಡ್ ಹಾಕ್ಬೇಕು, ಸಕ್ಕರೆ ತಯಾರಿಕೆಗೆ ಸಿ13ಬಿ, ಕಬ್ಬು ಕಟಾವು ಮೆಷಿನ್ನಿಗೆ ಎ01ಡಿ 45/10, ಹಿಂಗೆ. ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸ್‌ನೆಟ್, ಲೆನ್ಸ್ ಮೂರು ಸೈಟೂ ಬಿಟ್ಟಿ, ಮೂರರಲ್ಲೂ ಕೋಡ್ ಹಾಕಿ ಹುಡುಕಬಹುದು. ಲೆನ್ಸ್‌ನಲ್ಲಿ ವರ್ಷಾವಾರು ಗ್ರಾಫೂ ಬರುತ್ತೆ, ನಾವು ದುಡ್ಡು ಕೊಟ್ಟು ತಗೊಂಡಿದ್ದ ಗ್ರಾಫ್ ಥರದ್ದೇ.

ಇನ್ನೊಂದು ಸಣ್ಣ ವಿಷ್ಯ ಹೇಳ್ತೀನಿ ತುಂಬಾ ಉಪಯೋಗಕ್ಕೆ ಬಂತು, 2016ರಿಂದೀಚೆಗಿನ ಅರ್ಜಿ ನಂಬರ್ 12 ಅಂಕಿ ಇರುತ್ತೆ, ಮೊದಲ ನಾಲ್ಕು ಅಂಕಿ ಇಸವಿ, ಐದನೇದು 4 ಇದ್ರೆ ಚೆನ್ನೈ ಕಚೇರಿ, ಕರ್ನಾಟಕದವ್ರು ಅಲ್ಲಿಗೇ ಬರೋದು. ಆರನೇದು 1 ಇದ್ರೆ ಇಲ್ಲೇ ಮಾಮೂಲಾಗಿ ಹಾಕಿದ್ದು, 7 ಇದ್ರೆ ಅಂತರರಾಷ್ಟ್ರೀಯ ಅರ್ಜಿಯಾಗಿ ಬಂದು ಇಲ್ಲಿ ಸೇರಿದ್ದು. ಉದ್ದ ಪಟ್ಟೀಲಿ ಕಣ್ಣಾಡಿಸಿದ್ರೆ ಸಾಕು ನಮ್ ಸೀಮೆಯವು ಯಾವು ಅಂತ ಬೇಗ ಗೊತ್ತಾಗುತ್ತೆ.

ಎರಡನೇ ಕಂಪ್ನಿ ನೋಡ್ದೆ, ಆರು ಪೇಟೆಂಟು, ಎಲ್ಲ ಜೀವಂತ, ಆಸೆ ಬಂತು. ಆದ್ರೆ ಆರರಲ್ಲಿ ಐದಕ್ಕೆ ಸಂಶೋಧಕರು ಒಬ್ರೇ. ಅವರ ಹೆಸರು ಗೂಗಲ್ ಪೇಟೆಂಟ್ಸ್‌ನಲ್ಲಿ ಹಾಕಿದ್ರೆ 2021ರಿಂದ ಅರ್ಜಿಗಳೆಲ್ಲ ಬೇರೆ ಕಂಪ್ನಿ ಹೆಸರಲ್ಲಿ ಬರ್ತಾ ಇವೆ. ಅಂದ್ರೆ ಕೈಚಳಕ ಇದ್ದ ಮನುಷ್ಯ ಆಚೆ ಹೋಗಿದ್ದಾರೆ, ಕೊಂಡ್ಕೊಂಡ್ರೆ ನಮಗೆ ಸಿಗೋದು ಪೇಪರ್ ಮಾತ್ರ. ದೊಡ್ಡೋರಿಗೆ ಪೇಪರ್ ಸಾಕಾಗಬಹುದು, ಗೂಗಲ್ 2011ರಲ್ಲಿ 12.5 ಬಿಲಿಯನ್ ಡಾಲರಿಗೆ ಮೊಟೊರೊಲಾ ಮೊಬಿಲಿಟಿ ಕೊಂಡ್ಕೊಳ್ತೀವಿ ಅಂತ ಘೋಷಿಸಿ, 2014ರಲ್ಲಿ ಅದನ್ನ ಲೆನೊವೊಗೆ ಮಾರಾಟ ಮಾಡೋ ಒಪ್ಪಂದ ಮಾಡ್ಕೊಂಡಾಗ ಪೇಟೆಂಟ್‌ಗಳಲ್ಲಿ ಬಹುಪಾಲು ತನ್ನ ಹತ್ರಾನೇ ಇಟ್ಕೊಳ್ತು. ನಮಗೆ ಪಾಕ ಕಾಯಿಸೋಕೆ ಬರೋ ಮನುಷ್ಯ ಬೇಕು.

ವರದೀಲಿ ಸಿಎಫ್‌ಟಿಆರ್‌ಐ ಹೆಸರು ಹುಡುಕಿದ್ರೆ ಇರ್ಲಿಲ್ಲ, ನಮಗೆ ಆಶ್ಚರ್ಯ, 1950ರಿಂದ ನಮ್ಮೂರಲ್ಲೇ ಆಹಾರದ ಮೇಲೆ ಕೆಲಸ ಮಾಡ್ತಿರೋ ಸಂಸ್ಥೆ. ಅವರ ಪೇಟೆಂಟ್‌ಗಳಿಗೆ ಅರ್ಜಿದಾರರು ಅದರ ಮೇಲಿನ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್, ಆ ಹೆಸರಲ್ಲಿ ಹುಡುಕಬೇಕು. ಸರ್ಕಾರಿ ಸಂಸ್ಥೆನ ಯಾರೂ ಕೊಂಡ್ಕೊಳಲ್ಲ ನಿಜ, ಆದ್ರೆ ಅಲ್ಲಿಂದ ಲೈಸೆನ್ಸ್ ತಗೊಂಡು ಚೆನ್ನಾಗಿ ನಡೆಸ್ತಿರೋ ಕಂಪ್ನಿ ಪೇಟೆಂಟ್ ಲೆಕ್ಕದಲ್ಲಿ ಸೊನ್ನೆ ತೋರಿಸುತ್ತೆ, ಅದನ್ನ ಸಂಸ್ಥೆಗೇ ಹೋಗಿ ವಿಚಾರಿಸ್ಬೇಕು.

ಈಗ ಆ ಎಕ್ಸೆಲ್ ಶೀಟಿನ 29ನೇ ಸಾಲಲ್ಲಿದ್ದ ಕಂಪ್ನಿಗೆ ಬರ್ತೀನಿ. ಒಂದೇ ಒಂದು ಪೇಟೆಂಟ್ ಇತ್ತು ಅಂತ ಕೆಳಗೆ ತಳ್ಳಿದ್ರು. 2017ರಲ್ಲಿ ಅರ್ಜಿ, ಗ್ರ್ಯಾಂಟ್ ಆಗಿದೆ, ರಿಜಿಸ್ಟರ್‌ನಲ್ಲಿ ಒಂದು ವರ್ಷಾನೂ ಬಾಕಿ ಇಲ್ಲ. ರಿನ್ಯೂವಲ್ ಫೀ ಮೂರನೇ ವರ್ಷದಿಂದ ಆರನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ, ಏಳರಿಂದ ಹತ್ತರವರೆಗೆ 2400, ಆಮೇಲೆ 15ರವರೆಗೆ 4800, ಕೊನೆ ಐದು ವರ್ಷ 8000, ಇದು ಒಬ್ಬ ವ್ಯಕ್ತಿಗೆ ಅಥವಾ ಚಿಕ್ಕ ಉದ್ಯಮಕ್ಕೆ ಆನ್‌ಲೈನಲ್ಲಿ ಕಟ್ಟೋ ರೇಟು, ದೊಡ್ಡ ಕಂಪ್ನಿಗೆ ಐದು ಪಟ್ಟು. ಚಿಕ್ಕೋರು 20 ವರ್ಷಾನೂ ಕಟ್ಟಿದ್ರೆ ಒಟ್ಟು 76,800 ಆಗುತ್ತೆ. ಕೈಯಿಂದ ದುಡ್ಡು ಹಾಕಿ ವರ್ಷವರ್ಷ ಕಂದಾಯ ಕಟ್ಕೊಂಡು ಬರ್ತಿದ್ದಾರೆ ಅಂದ್ರೆ ಅವರಿಗೆ ಅದರಿಂದ ಏನೋ ಹುಟ್ತಾ ಇದೆ ಅಂತ ಅರ್ಥ. ಗ್ರಾಫ್ ನೋಡಿದ್ರೆ ಇದು ಗೊತ್ತಾಗಲ್ಲ.

ಕ್ಲೈಮು ಓದಿದೆ. ಕ್ಲೈಮ್ ಅಂದ್ರೆ ಕ್ರಯಪತ್ರದ ಚೆಕ್ಕುಬಂದಿ ಇದ್ದಂಗೆ, ನಿಮ್ಮ ಹಕ್ಕು ಎಲ್ಲಿಂದ ಎಲ್ಲಿವರೆಗೆ ಅನ್ನೋದು ಅಲ್ಲೇ ಇರೋದು. ಸಾಮಾನ್ಯವಾಗಿ ಮೊದಲನೇ ಕ್ಲೈಮ್ ಉದ್ದ ಆದಷ್ಟೂ ಹಕ್ಕು ಚಿಕ್ಕದು, ಯಾಕಂದ್ರೆ ಅಲ್ಲಿ ಹೇಳಿರೋ ಒಂದೊಂದು ಭಾಗಾನೂ ಇದ್ರೇನೇ ನಕಲು ಅನ್ನಿಸ್ಕೊಳೋದು, ಒಂದು ಬಿಟ್ಟು ಮಾಡಿದೋರು ತಪ್ಪಿಸ್ಕೊಳ್ತಾರೆ. ಆ ಮೊದಲ ಕಂಪ್ನಿದು ಒಂದೂವರೆ ಪುಟ ಇತ್ತು, ಸೆನ್ಸರ್ ಎಲ್ಲಿ ಕೂರಿಸ್ಬೇಕು ಅನ್ನೋವರೆಗೂ. ಇವರದ್ದು ಒಂಬತ್ತು ಸಾಲು. ಪರೀಕ್ಷಕರ ಆಕ್ಷೇಪಣೆಗೆ ಕೊಟ್ಟ ಉತ್ತರಾನೂ ಓದಿದೆ, ಹಳೇ ನಾಲ್ಕು ಪೇಟೆಂಟ್ ಎದುರು ಹಿಡಿದ್ರೂ ಮೂಲ ವಿಷ್ಯ ಉಳ್ಕೊಂಡಿದೆ. ಗ್ರ್ಯಾಂಟ್ ಆಯ್ತು ಅಂತ ಕಣ್ಮುಚ್ಚಿ ನಂಬೋದೂ ಬೇಡ, ಅರಿಶಿನಕ್ಕೆ ಅಮೆರಿಕ 1995ರಲ್ಲಿ ಕೊಟ್ಟ ಪೇಟೆಂಟನ್ನ ಸಿಎಸ್‌ಐಆರ್ ಪ್ರಶ್ನೆ ಮಾಡಿ 1997ರಲ್ಲಿ ರದ್ದು ಮಾಡಿಸ್ತು, ನೆನಪಿರಬಹುದು.

ಮದ್ದೂರು ಹತ್ರ ಅವರ ಶೆಡ್ಡಿಗೆ ಹೋದ್ವಿ. ಶೀಟ್ ಹೊದಿಸಿದ ಜಾಗ, ಹೊಗೆ ಇಲ್ಲ, ಕಬ್ಬಿನ ಹಾಲಿನ ವಾಸ್ನೆ. ಅವ್ರು ವಾಲ್ವ್ ತಿರುಗಿಸಿ ಹಬೆ ಬಿಟ್ರು, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದ್ರು, ಆಮೇಲೆ ಪಾಕನ ಸೌಟಲ್ಲಿ ಎತ್ತಿ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನನ್ನ ಕೈಗೆ ಕೊಟ್ರು, ಜೇನಿನ ಬಣ್ಣ. ನಮ್ಮದು ತಳ ಹಿಡಿದಿದ್ದು ಯಾಕೆ ಅಂತ ಅಲ್ಲಿ ನಿಂತು ನೋಡ್ದಾಗ್ಲೇ ಗೊತ್ತಾಯ್ತು, ಅವರ ಕೊಪ್ಪರಿಗೆ ತಳದಲ್ಲಿ ಹಬೆ ಎರಡು ಭಾಗವಾಗಿ ಹೋಗುತ್ತೆ, ಪಾಕ ಗಟ್ಟಿಯಾಗೋ ಹೊತ್ತಿಗೆ ನಡುವಿಂದು ಬಂದ್ ಆಗುತ್ತೆ. ಕ್ಲೈಮ್‌ನಲ್ಲಿ ಓದಿದ್ದ ಸಾಲು ಕಣ್ಮುಂದೆ ಕುದೀತಿತ್ತು. ಫೀ ರಸೀದಿ ಕೇಳಿದ್ದಕ್ಕೆ ಗೊಬ್ಬರದ ಅಂಗಡಿ ಕವರಲ್ಲಿ ಮಡಚಿಟ್ಟಿದ್ದನ್ನ ತಂದ್ರು, ಒಂದೂ ಕಳೆದಿಲ್ಲ.

ಒಂದು ತೊಡಕು ರಿಜಿಸ್ಟರ್ ನೋಡಿದ್ರಿಂದ ಮೊದ್ಲೇ ಗೊತ್ತಿತ್ತು, ವರದೀಲಿ ಬಂದಿರ್ಲಿಲ್ಲ. ಪೇಟೆಂಟ್ ಇರೋದು ಕಂಪ್ನಿ ಹೆಸರಲ್ಲಲ್ಲ, ಅವರದ್ದೂ ಅವರ ಅಣ್ಣಂದೂ ಇಬ್ಬರ ಹೆಸರಲ್ಲಿ. ಕಂಪ್ನಿ ಪೂರ್ತಿ ಕೊಂಡ್ಕೊಂಡಿದ್ರೂ ಪೇಟೆಂಟ್ ನಮಗೆ ಬರ್ತಿರ್ಲಿಲ್ಲ, ಬೇರೆ ಒಪ್ಪಂದ ಇಲ್ದಿದ್ರೆ ಜಂಟಿ ಮಾಲೀಕರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆ ಇಲ್ದೆ ತನ್ನ ಪಾಲು ಮಾರೋಕೂ ಲೈಸೆನ್ಸ್ ಕೊಡೋಕೂ ಆಗಲ್ಲ, ಸೆಕ್ಷನ್ 50 ಅದನ್ನೇ ಹೇಳೋದು. ಅಣ್ಣ ಹಾಸನದಲ್ಲಿ ಇರ್ತಾರೆ, ಎರಡು ಸಲ ಹೋಗಿ ಮಾತಾಡಿ ಬಂದ್ವಿ, ಒಪ್ಪಿದ್ದಾರೆ. ವರ್ಗಾವಣೆ ಪತ್ರ ಬರವಣಿಗೇಲೇ ಆಗ್ಬೇಕು, ಆಮೇಲೆ ಫಾರಂ 16 ಹಾಕಿ ರಿಜಿಸ್ಟರ್‌ನಲ್ಲಿ ಹೆಸರು ಬದಲಾಗ್ಬೇಕು. ಪೇಟೆಂಟ್ ಏಜೆಂಟ್ ಒಬ್ಬರ ಹತ್ರ ಕೂತು ಕರಡು ಮಾಡಿಸಿದ್ವಿ, ತಮ್ಮ (ಮದ್ದೂರಿನವರು) ಮೂರು ವರ್ಷ ನಮ್ಮ ಜೊತೇಲೇ ಕೆಲಸ ಮಾಡ್ಬೇಕು ಅನ್ನೋದನ್ನೂ ಸೇರಿಸಿದ್ದೀವಿ.

ಎರಡು ಸ್ಟಾರ್ ಯಾಕೆ ಕೊಟ್ಟೆ ಅಂದ್ರೆ ಆ 38ರಲ್ಲಿ ಇವರ ಹೆಸರು ಇತ್ತು, ಇಲ್ದಿದ್ರೆ ಮದ್ದೂರಲ್ಲಿ ಇಂಥವ್ರು ಇದ್ದಾರೆ ಅಂತ ನಮಗೆ ತಿಳೀತಾನೇ ಇರ್ಲಿಲ್ಲ. ಮೂರು ಸ್ಟಾರ್ ಕಿತ್ಕೊಂಡಿದ್ದು ಸ್ಟೇಟಸ್, ಮಾಲೀಕರ ಹೆಸರು, ರಿನ್ಯೂವಲ್ ಈ ಮೂರೂ ನೋಡದೆ ಸಾಲು ಜೋಡಿಸಿದ್ದಕ್ಕೆ. ನೀವು ಇಂಥ ಸರ್ವೀಸ್ ತಗೊಳೋದಾದ್ರೆ ಆ ಮೂರು ಕಾಲಮ್ ಇರ್ಲೇಬೇಕು ಅಂತ ದುಡ್ಡು ಕೊಡೋ ಮುಂಚೆ ಬರೆಸ್ಕೊಳಿ. ಕಳೆದ 18 ತಿಂಗಳ ಅರ್ಜಿಗಳು ಸಾಮಾನ್ಯವಾಗಿ ಯಾರಿಗೂ ಕಾಣಲ್ಲ ಅನ್ನೋದೂ ಗೊತ್ತಿರ್ಲಿ, ನಾವು ಅಣ್ಣತಮ್ಮಂದಿರನ್ನ ಬಾಯಲ್ಲೇ ಕೇಳಿದ್ವಿ, ಅಚ್ಚು ಹಾಕೋ ಮೆಷಿನ್ನಿಗೆ ಇನ್ನೊಂದು ಅರ್ಜಿ ಹಾಕಿದ್ದಾರಂತೆ, ಅದನ್ನೂ ಪತ್ರದಲ್ಲಿ ಸೇರಿಸೋಕೆ ಒಪ್ಪಿದ್ರು. ಸಹಿಗೆ ಅಣ್ಣ ಮುಂದಿನ ಸೋಮವಾರ ಮೈಸೂರಿಗೆ ಬರ್ತಿದ್ದಾರೆ.