ಈಟಿಗಳ ಒಡೆಯನಿಂದ ಒಂದು ಎಚ್ಚರಿಕೆ

ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಗಾಚಾ ಎಂಬ ಅದೃಷ್ಟಪರೀಕ್ಷೆಯ ಆಟವೊಂದನ್ನು ಇಳಿಸಿಕೊಳ್ಳಲು ಹೊರಟವರು ಎರಡು ನಿಮಿಷ ತಡೆದು ಇದನ್ನು ಓದಬೇಕೆಂದು ವಿನಂತಿ. ನಾನು ಇಳಿಸಿಕೊಂಡದ್ದು ನಾಲ್ಕು ತಿಂಗಳ ಹಿಂದೆ. ಆಟದ ಹೆಸರನ್ನು ಹೇಳುವುದಿಲ್ಲ; ಹೇಳಿ ಪ್ರಯೋಜನವೂ ಇಲ್ಲ, ಏಕೆಂದರೆ ಅದೇ ಅಚ್ಚಿನಲ್ಲಿ ಎರಕ ಹೊಯ್ದ ಆಟಗಳು ಹತ್ತಾರಿವೆ.

ಮೊದಲು ನನ್ನ ಜಂಬದ ವಿಷಯ ಹೇಳಿಬಿಡುತ್ತೇನೆ. ಕಠಿಣ ಹಂತದಲ್ಲಿ ಆಡದವರನ್ನು ಗೇಮರ್ ಎಂದೇ ಒಪ್ಪದ, ಮೊಬೈಲಿನಲ್ಲಿ ಆಡುವವರನ್ನು ಕಂಡರೆ ಮೂಗು ಮುರಿಯುವ ವರ್ಗಕ್ಕೆ ಸೇರಿದವನು ನಾನು. 2006ರಲ್ಲಿ ‘ಆಬ್ಲಿವಿಯನ್’ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಾಗ ಆಟಗಾರರೆಲ್ಲ ಗೇಲಿ ಮಾಡಿದ್ದನ್ನು ನಾನು ಕಿರಿಯರಿಗೆ ಪುರಾಣದಂತೆ ಹೇಳುತ್ತಿದ್ದೆ. ಅಂದು ಹಣ ಕೊಟ್ಟವನಿಗೆ ಕವಚವಾದರೂ ಖಂಡಿತವಾಗಿ ಸಿಕ್ಕಿತ್ತಲ್ಲ ಎಂಬುದು ನನಗೆ ಹೊಳೆದದ್ದು ಈಚೆಗೆ.

ಗಾಚಾ ಎಂಬ ಹೆಸರು ಜಪಾನಿನ ಆಟಿಕೆ ಯಂತ್ರಗಳಿಂದ ಬಂದದ್ದು: ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಗುಂಡನೆಯ ಡಬ್ಬಿಯೊಂದು ಉರುಳಿ ಬೀಳುತ್ತದೆ, ಒಳಗೆ ಏನಿದೆ ಎಂಬುದು ತೆರೆದ ಮೇಲಷ್ಟೇ ಗೊತ್ತಾಗುತ್ತದೆ. ಆಟದಲ್ಲಿ ನಾಣ್ಯದ ಬದಲು ಚೀಟಿ, ಡಬ್ಬಿಯ ಬದಲು ಆಕಾಶದಿಂದ ಬೀಳುವ ಉಲ್ಕೆ, ಅದರೊಳಗೆ ಒಂದು ಪಾತ್ರವೋ ಆಯುಧವೋ. ಒಂದು ಚೀಟಿಗೆ ಒಂದು ಎಳೆತ. ಚೀಟಿಯನ್ನು ನೇರವಾಗಿ ಹಣಕ್ಕೆ ಕೊಡುವುದಿಲ್ಲ. ಹಣಕ್ಕೆ ರತ್ನ, ರತ್ನಕ್ಕೆ ಚೀಟಿ. ನನ್ನ ಆಟದಲ್ಲಿ ಚೀಟಿಯೊಂದಕ್ಕೆ 160 ರತ್ನ ಬೇಕಿತ್ತು, ಅತಿ ಅಗ್ಗದ ಪೊಟ್ಟಣದಲ್ಲಿ 300 ಇದ್ದವು. ಒಂದು ಚೀಟಿ ಕೊಂಡರೆ 140 ಉಳಿಯುತ್ತವೆ, ಇನ್ನೊಂದಕ್ಕೆ 20 ಕಡಿಮೆ. ಈ 20 ಅನ್ನು ಯಾರೋ ಕೂತು ಬಹಳ ಜಾಣತನದಿಂದ ಲೆಕ್ಕ ಹಾಕಿದ್ದಾರೆ ಎಂಬುದು ಮೂರನೆಯ ಪೊಟ್ಟಣ ಕೊಳ್ಳುವಾಗ ನನಗೆ ಅರ್ಥವಾಯಿತು, ಆದರೂ ಕೊಂಡೆ.

ನನಗೆ ಬೇಕಾಗಿದ್ದವಳು ಒಬ್ಬ ಬಿಲ್ಲುಗಾರ್ತಿ. ಮೂರು ವಾರ ಮಾತ್ರ ಲಭ್ಯ ಎಂದು ಗಡಿಯಾರ ಓಡಿಸಿಟ್ಟಿದ್ದರು. ಪ್ರತಿ ಎಳೆತಕ್ಕೂ ಅಗ್ರದರ್ಜೆಯ ಪಾತ್ರ ಬೀಳುವ ಸಾಧ್ಯತೆ ಶೇಕಡಾ 1. ತೊಂಬತ್ತನೆಯ ಎಳೆತಕ್ಕೂ ಬೀಳದಿದ್ದರೆ ಕಂಪನಿಯೇ ಕನಿಕರಪಟ್ಟು ಒಂದನ್ನು ಕೊಡುತ್ತದೆ. 90 ಬಾರಿ ಎಳೆದರೆ ಶೇಕಡಾ 90 ಗ್ಯಾರಂಟಿ, ಕನಿಕರದ ತನಕ ಹೋಗಬೇಕಾಗಿಯೇ ಬರುವುದಿಲ್ಲ ಎಂದು ನಾನು ಕೂಡಿಸಿಕೊಂಡಿದ್ದೆ. ಆದರೆ ಸಂಭವನೀಯತೆ ಹಾಗೆ ಕೂಡುವುದಿಲ್ಲ. ಒಂದು ಎಳೆತದಲ್ಲಿ ಸಿಗದಿರುವ ಸಾಧ್ಯತೆಯಾದ 0.99 ಅನ್ನು ತೊಂಬತ್ತು ಬಾರಿ ಗುಣಿಸುತ್ತ ಹೋದರೆ ಸುಮಾರು 0.40 ಉಳಿಯುತ್ತದೆ, ಎಂದರೆ ನೂರು ಮಂದಿಯಲ್ಲಿ ಸುಮಾರು ನಲವತ್ತು ಮಂದಿ ಅದೃಷ್ಟವನ್ನು ನಂಬಿಕೊಂಡು ಕನಿಕರದ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಪ್ರೌಢಶಾಲೆಯ ಈ ಗಣಿತ ನನಗೆ ಬರುತ್ತಿತ್ತು, ಆದರೆ ಆ ಹೊತ್ತಿಗೆ ಬರಲಿಲ್ಲ.

ಗಣಿತ ಕೈಬಿಟ್ಟಲ್ಲಿ ಶಾಸ್ತ್ರ ಶುರುವಾಗುತ್ತದೆ. ನಮ್ಮ ಗಿಲ್ಡಿನ, ಎಂದರೆ ಆಟದೊಳಗಿನ ಆಟಗಾರರ ಕೂಟದ, ಹಿರಿಯರೊಬ್ಬರು, ಆಟದ ಸರ್ವರಿನಲ್ಲಿ ದಿನ ಬದಲಾದ ಐದು ನಿಮಿಷದೊಳಗೆ ಎಳೆಯಬೇಕು ಎಂದರು. ಇನ್ನೊಬ್ಬರು, ಪಾತ್ರವನ್ನು ದೇಗುಲದ ಮೆಟ್ಟಿಲ ಮೇಲೆ ನಿಲ್ಲಿಸಿ ಎಳೆಯಬೇಕು, ಮನಸ್ಸಿನಲ್ಲಿ ಆಸೆ ಇಟ್ಟುಕೊಳ್ಳಲೇಬಾರದು, ಆಸೆ ಇರುವುದು ಆಟಕ್ಕೆ ತಿಳಿಯುತ್ತದೆ ಎಂದರು. ನಿಷ್ಕಾಮ ಕರ್ಮವನ್ನು ನನಗೆ ಮನೆಯವರು ಇಷ್ಟು ಸಮರ್ಥವಾಗಿ ಕಲಿಸಿರಲಿಲ್ಲ.

ಹೀಗೆ ಒಂದು ರಾತ್ರಿ ಒಂದೂಮುಕ್ಕಾಲರ ಹೊತ್ತಿಗೆ, ಹೊದಿಕೆಯೊಳಗೆ, ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿಕೊಂಡು, ನಿರ್ಲಿಪ್ತನಂತೆ ಮುಖ ಮಾಡಿಕೊಂಡು ನಾನು ಎಳೆಯುತ್ತಿದ್ದೆ. ಉಲ್ಕೆ ಚಿನ್ನದ ಬಣ್ಣದ್ದಾದರೆ ಅಗ್ರದರ್ಜೆ, ನೀಲಿಯಾದರೆ ಕಸ. ನೀಲಿ ಬಿತ್ತು. ಕಬ್ಬಿಣದ ಈಟಿ. ಮತ್ತೆ ನೀಲಿ, ಮತ್ತೆ ಈಟಿ. ನನ್ನ ತಂಡದಲ್ಲಿ ಈಟಿ ಹಿಡಿಯುವವರು ಒಬ್ಬರೂ ಇಲ್ಲ. ಆ ವೇಳೆಗೆ ಈಟಿಗಳು ಹದಿನೇಳಾಗಿದ್ದವು. ಅಷ್ಟರಲ್ಲಿ ಹಿಂದಿನ ದಿನವಷ್ಟೇ ಗಿಲ್ಡಿಗೆ ಸೇರಿದ್ದ ಹುಡುಗನೊಬ್ಬ ಸ್ವಾಗತದ ಉಚಿತ ಚೀಟಿಯಲ್ಲಿ ಬಿಲ್ಲುಗಾರ್ತಿಯನ್ನು ಪಡೆದು, ಸ್ಕ್ರೀನ್‌ಶಾಟ್ ಹಾಕಿ, ‘ಇವಳು ಉಪಯೋಗಕ್ಕೆ ಬರುತ್ತಾಳೆಯೇ ಅಣ್ಣ?’ ಎಂದು ಕೇಳಿದ. ‘ಅಭಿನಂದನೆಗಳು’ ಎಂಬ ಪದವನ್ನು ನಾನು ಮೂರು ಸಲ ಟೈಪಿಸಿ ಮೂರು ಸಲ ಅಳಿಸಿದೆ.

ತೊಂಬತ್ತನೆಯದು ಚಿನ್ನದ ಉಲ್ಕೆಯೇ. ಬೆಳಕು ತಗ್ಗಿದಾಗ ನಿಂತಿದ್ದವನು ಕೊಳಲು ಹಿಡಿದ ಒಬ್ಬ ಮುದುಕ. ಕನಿಕರದಲ್ಲೂ ಬಯಸಿದ ಪಾತ್ರವೇ ಸಿಗುವ ಸಾಧ್ಯತೆ ಅರ್ಧಕ್ಕರ್ಧ ಮಾತ್ರ, ನಿಜವಾದ ಖಾತರಿ ಬೇಕಿದ್ದರೆ ಇನ್ನೊಂದು ತೊಂಬತ್ತರವರೆಗೂ ಹೋಗಬೇಕಾಗಬಹುದು ಎಂಬ ನಿಯಮವನ್ನು ನಾನು ಓದಿದ್ದು ಆಮೇಲೆ. ಕಂಪನಿಯವರು ಅದನ್ನು ಬಚ್ಚಿಟ್ಟಿರಲಿಲ್ಲ. ಇಂಥ ಆಟಗಳು ಸಾಧ್ಯತೆಯ ಪ್ರಮಾಣವನ್ನು ಖರೀದಿಗೆ ಮೊದಲೇ ತಿಳಿಸಬೇಕೆಂದು ಆ್ಯಪಲ್ ಸಂಸ್ಥೆ 2017ರಲ್ಲೇ ನಿಯಮ ಮಾಡಿದೆ; 2018ರಲ್ಲಿ ಬೆಲ್ಜಿಯಂ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ನನ್ನ ಆಟದಲ್ಲೂ ‘ವಿವರಗಳು’ ಎಂಬ ಸಣ್ಣ ಗುಂಡಿ ಇತ್ತು. ಅದರ ಪಕ್ಕದ ದೊಡ್ಡ ಗುಂಡಿ ಮಿನುಗುತ್ತಿತ್ತು, ಅಷ್ಟೇ.

ಆದ್ದರಿಂದ ಆಡಲೇಬೇಕೆನ್ನುವವರು ಮೊದಲು ಫೋನಿನಲ್ಲಿ ಉಳಿಸಿಟ್ಟ ಕಾರ್ಡಿನ ವಿವರವನ್ನು ತೆಗೆದುಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಕೊಳ್ಳಿ. ತೊಂಬತ್ತು ಚೀಟಿಗೆ ಎಷ್ಟು ರತ್ನ ಎಂದಲ್ಲ, ಎಷ್ಟು ಹಣ ಎಂದು ಕಾಗದದ ಮೇಲೆ ಬರೆದು ನೋಡಿ. ನಾನು ಬರೆದು ನೋಡಿ ಆ ಕಾಗದವನ್ನು ಹರಿದುಹಾಕಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಟವನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ರತ್ನಗಳಿಗಾಗಿ ಕಟ್ಟುವ ತಿಂಗಳ ಚಂದಾ ನಿಲ್ಲುವುದಿಲ್ಲ. ಆ್ಯಪ್ ಸ್ಟೋರಿನ ಚಂದಾ ಪಟ್ಟಿಗೆ ಹೋಗಿ ಅದನ್ನು ಬೇರೆಯಾಗಿಯೇ ರದ್ದು ಮಾಡಬೇಕು. ಇದು ನನಗೆ ಗೊತ್ತಾದದ್ದು ಆಟ ಅಳಿಸಿದ ಮರು ತಿಂಗಳು ಖಾತೆಯಿಂದ ಮತ್ತೆ ಹಣ ಹೋದಾಗ. ಚಂದಾ ಅಂದೇ ರದ್ದು ಮಾಡಿದೆ. ಆದರೆ ಹಣ ಕೊಟ್ಟಾಗಿದೆ, ಆ ರತ್ನಗಳನ್ನಾದರೂ ಏಕೆ ಬಿಡಬೇಕೆಂದು ಆಟವನ್ನು ಮತ್ತೆ ಇಳಿಸಿಕೊಂಡು, ಒಂದೇ ಒಂದು ಚೀಟಿ ಕೊಂಡು ಎಳೆದೆ.

ಈಟಿಗಳು ಈಗ ಹದಿನೆಂಟು.